ಪರ್ಗೋಲಾ ಕಟ್ಟಿಸುವ ಮುನ್ನ: ನೆರಳು ಕೊಡುವುದು ರೀಪರೋ, ಬಳ್ಳಿಯೋ?

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಪರ್ಗೋಲಾ ಎದ್ದು ನಿಂತಾಗ ಪುತ್ತೂರಿನಿಂದ ಬಂದಿದ್ದ ಅತ್ತೆ ಅದಕ್ಕೊಂದು ಸುತ್ತು ಬಂದರು. "ನಮ್ಮಲ್ಲಿ ಇದಕ್ಕೆ ಬಸಳೆ ಚಪ್ಪರ ಅಂತ ಹೇಳುದು" ಎಂದರು. ಅದಕ್ಕೆ ಎಷ್ಟು ದುಡ್ಡು ಸುರಿದೆ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಅತ್ತೆ ಹೇಳಿದ್ದರಲ್ಲಿ ತಪ್ಪೇನಿಲ್ಲ. ಪರ್ಗೋಲಾ ಎಂದರೆ ವರ್ಷಗಟ್ಟಲೆ ಬಿಚ್ಚದೆ ಉಳಿಯುವ ಚಪ್ಪರ. ನಾಲ್ಕು ಕಂಬ, ಎರಡು ತೊಲೆ, ಅದರ ಮೇಲೆ ಸಂದು ಬಿಟ್ಟು ಸಾಲಾಗಿ ಕೂರಿಸಿದ ರೀಪರ್, ಅಂದರೆ ಉದ್ದನೆಯ ಪಟ್ಟಿಗಳು. ಮಳೆ ನೇರ ಒಳಗೆ ಬರುತ್ತದೆ. ಬಿಸಿಲು ಸೋಸಿಕೊಂಡು ಬರುತ್ತದೆ. ಹೆಸರು ಇಟಲಿಯದು. ಅಲ್ಲಿಯೂ ಅದು ಬಳ್ಳಿ ಹಬ್ಬಿಸುವ ಹಂದರವೇ. ಮೊಬೈಲಿನಲ್ಲಿ ಕಾಣುವ ಫೋಟೋಗಳಲ್ಲಿ ಮಾತ್ರ ಬಳ್ಳಿ ಮಾಯವಾಗಿ ಬರೀ ರೀಪರ್ ಉಳಿದುಕೊಂಡಿದೆ. ನಾನು ಮೋಸ ಹೋಗಿದ್ದು ಅಲ್ಲೇ.

ಮೊದಲು ಒಂದು ಹಳೇ ಸೀರೆ

ಯಾರನ್ನೂ ಕರೆಸುವ ಮೊದಲು ಒಂದು ಭಾನುವಾರ ಈ ಕೆಲಸ ಮಾಡಿ. ಪರ್ಗೋಲಾ ಬೇಕೆನಿಸಿದ ಜಾಗದಲ್ಲಿ ನಾಲ್ಕು ಗಳ ನೆಟ್ಟು, ಮೇಲೆ ಹಳೇ ಕಾಟನ್ ಸೀರೆ ಕಟ್ಟಿ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕೂವರೆಗೆ ನೆರಳು ಎಲ್ಲಿ ಬೀಳುತ್ತದೆ ಎಂದು ಸುಣ್ಣದ ಪುಡಿಯಲ್ಲಿ ಗುರುತು ಹಾಕಿ.

ಸಂಜೆಯ ಗುರುತು ನೋಡಿದರೆ ಆಶ್ಚರ್ಯವಾಗುತ್ತದೆ. ನೆರಳು ಸೀರೆಯ ಕೆಳಗೆ ಇರುವುದೇ ಇಲ್ಲ. ಲೆಕ್ಕ ಸುಲಭ. ನಾಲ್ಕೂಕಾಲರ ಸುಮಾರಿಗೆ ಸೂರ್ಯ ನೆಲದಿಂದ 30 ಡಿಗ್ರಿಯಷ್ಟು ಮೇಲಿರುತ್ತಾನೆ ಎಂದುಕೊಳ್ಳಿ. ಆಗ 9 ಅಡಿ ಎತ್ತರದ ಚಾವಣಿಯ ನೆರಳು ಹೆಚ್ಚುಕಮ್ಮಿ 15 ಅಡಿ ಪೂರ್ವಕ್ಕೆ ಸರಿದಿರುತ್ತದೆ. ನಿಮ್ಮ ಪರ್ಗೋಲಾ 10 ಅಡಿ ಅಗಲವಾದರೆ ನೆರಳು ಪೂರ್ತಿ ಹೊರಗೆ ಬಿತ್ತು. ಪಕ್ಕದ ಮನೆಯವರ ಸ್ಕೂಟರ್‌ಗೆ ಒಳ್ಳೆಯದಾಯಿತು ಅಷ್ಟೆ.

ಹಾಗಾಗಿ ಸಂಜೆ ಕಾಫಿಗೆಂದು ಕಟ್ಟಿಸುವವರು ಚಾವಣಿಗಿಂತ ಪಶ್ಚಿಮದ ಬದಿಯ ಬಗ್ಗೆ ಜಾಸ್ತಿ ಯೋಚಿಸಬೇಕು. ಆ ಬದಿಗೆ ಒಂದು ತಡಿಕೆ ಅಥವಾ ತಂತಿ ಕಟ್ಟಿ ಬಳ್ಳಿ ಹಬ್ಬಿಸಿದರೆ ಸಾಕು. ಅಲ್ಲೇ ಮರವೋ ಎತ್ತರದ ಗೋಡೆಯೋ ಇದ್ದರೆ ನೀವು ಅದೃಷ್ಟವಂತರು.

ರೀಪರ್ ಯಾವ ದಿಕ್ಕಿಗೆ?

ಇದನ್ನು ಕೆಲಸದವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಉದ್ದ ಯಾವ ಕಡೆ ಅನುಕೂಲವೋ ಆ ಕಡೆ ಬಡಿದು ಹೋಗುತ್ತಾರೆ. ನಮ್ಮಲ್ಲಿ ರೀಪರ್ ಪೂರ್ವ–ಪಶ್ಚಿಮವಾಗಿ ಕೂತವು. ಎಪ್ರಿಲ್ ಬಂತು. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಸಂದಿಯ ಗುಂಟವೇ ನಡೆದುಕೊಂಡು ಹೋಯಿತು. ನೆರಳು ಅನ್ನುವುದು ಗೆರೆ ಎಳೆದ ನೋಟ್‌ಬುಕ್ಕಿನ ಹಾಗೆ ಇತ್ತು.

ಯುರೋಪಿನಲ್ಲಿ ಸೂರ್ಯ ಬೇಸಿಗೆಯಲ್ಲೂ ದಕ್ಷಿಣಕ್ಕೆ ವಾಲಿರುತ್ತಾನೆ. ಅಲ್ಲಿ ಪೂರ್ವ–ಪಶ್ಚಿಮ ರೀಪರ್ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ. ನಾವಿರುವುದು ಬೇರೆ ಜಾಗದಲ್ಲಿ. ಬೆಂಗಳೂರಿನಲ್ಲಿ ಎಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ನೇರ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೇಸಿಗೆಯಲ್ಲಿ ಅವನು ಪೂರ್ವದಿಂದ ಪಶ್ಚಿಮಕ್ಕೆ ಹೆಚ್ಚುಕಮ್ಮಿ ತಲೆಯ ಮೇಲೆಯೇ ದಾಟುತ್ತಾನೆ. ಅವನಿಗೆ ಅಡ್ಡ ಬರಬೇಕಾದರೆ ರೀಪರ್ ಉತ್ತರ–ದಕ್ಷಿಣವಾಗಿ ಇರಬೇಕು.

ಒಂದು ಉದಾಹರಣೆ. ಒಂದಿಂಚು ದಪ್ಪ, ನಾಲ್ಕಿಂಚು ಅಗಲದ ಹಲಗೆಯನ್ನು ಮಲಗಿಸದೆ ನಿಲ್ಲಿಸಿ, ನಾಲ್ಕಿಂಚು ಸಂದು ಬಿಟ್ಟು ಉತ್ತರ–ದಕ್ಷಿಣವಾಗಿ ಜೋಡಿಸಿದ್ದೀರಿ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ ಸುಮಾರು ಮೂರನೇ ಎರಡು ಭಾಗ ನೆರಳು ಸಿಗುತ್ತದೆ. ಅದೇ ಹಲಗೆ ಪೂರ್ವ–ಪಶ್ಚಿಮವಾಗಿದ್ದರೆ ಆ ಹೊತ್ತಿಗೂ ಹೆಚ್ಚುಕಮ್ಮಿ ಐದನೇ ಒಂದು ಭಾಗ ಅಷ್ಟೇ. ಹಲಗೆ ಅದೇ, ದುಡ್ಡೂ ಅದೇ, ದಿಕ್ಕು ಮಾತ್ರ ಬೇರೆ.

ಆದರೆ ಹನ್ನೆರಡೂವರೆಯ ಬಿಸಿಲಿಗೆ ಯಾವ ದಿಕ್ಕಿನ ರೀಪರೂ ಆಗಿಬರುವುದಿಲ್ಲ. ಆಗ ಬೇಕಾಗಿರುವುದು ಎಲೆ, ಇಲ್ಲವೇ ಶೇಡ್ ನೆಟ್.

ಇಲ್ಲಿಯೇ ತೀರ್ಮಾನ ಮಾಡಿಕೊಳ್ಳಿ. ನೆರಳು ಕೊಡುವುದು ಬಳ್ಳಿ ಎಂದಾದರೆ ಒತ್ತೊತ್ತಾಗಿ ರೀಪರ್ ಬೇಕಿಲ್ಲ. ತೊಲೆಯಿಂದ ತೊಲೆಗೆ ಒಂದೊಂದು ಅಡಿಗೆ ಜಿ.ಐ. ತಂತಿ (ಸತು ಲೇಪಿಸಿದ ತಂತಿ) ಬಿಗಿದು ಎಳೆದರೆ ಮುಗಿಯಿತು. ಬಳ್ಳಿ ಬೇಡ, ಎಲೆ ಗುಡಿಸುವ ಕೆಲಸ ಆಗದು ಎನ್ನುವವರು ರೀಪರ್‌ಗೇ ದುಡ್ಡು ಹಾಕಿ. ಎರಡಕ್ಕೂ ಹಾಕಬೇಡಿ. ನಾನು ಹಾಕಿದೆ. ಈಗ ಆ ಸಾಲು ಸಾಲು ರೀಪರ್ ಎಲೆಗಳ ಒಳಗೆ ಕಾಣುವುದೇ ಇಲ್ಲ.

ಯಾವ ಬಳ್ಳಿ?

ಫೋಟೋಗಳಲ್ಲಿ ಜೋತಾಡುವ ನೇರಳೆ ಗೊಂಚಲು ವಿಸ್ಟೀರಿಯ. ಅದಕ್ಕೆ ಚಳಿಗಾಲ ಎಂದರೆ ನಿಜವಾದ ಚಳಿಗಾಲ ಬೇಕು. ನಮ್ಮ ಊರುಗಳಲ್ಲಿ ಅದನ್ನು ನಂಬಿ ಕಟ್ಟಿಸಬೇಡಿ. ನೇರಳೆ ಬಣ್ಣವೇ ಬೇಕೆಂದರೆ ಪೆಟ್ರಿಯಾ ಇದೆ. ಎಲೆ ಉಪ್ಪುಕಾಗದದಷ್ಟು ಒರಟು, ಹೂ ಬಿಟ್ಟಾಗ ಮಾತ್ರ ಕಣ್ಣು ತೆಗೆಯಲಾಗದು.

ನನ್ನ ಮೆಚ್ಚಿನದು ಥನ್‌ಬರ್ಜಿಯಾ ಮೈಸೊರೆನ್ಸಿಸ್. ಹೆಸರಿನಲ್ಲೇ ಮೈಸೂರು ಇದೆ. ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಬಳ್ಳಿ. ಹಳದಿ, ಕೆಂಗಂದು ಬಣ್ಣದ ಹೂಗಳು ಸರ ಪೋಣಿಸಿದ ಹಾಗೆ ಕೆಳಗೆ ಇಳಿಬೀಳುತ್ತವೆ. ಸೂರಕ್ಕಿಗಳು ಬೆಳಿಗ್ಗೆ ಆರಕ್ಕೇ ಹಾಜರು. ಹೊರದೇಶದ ತೋಟಗಳಲ್ಲಿ ಇದನ್ನು ಪರ್ಗೋಲಾದ ರಾಣಿಯ ಹಾಗೆ ಬೆಳೆಸುತ್ತಾರೆ. ನಾವು ಮಾತ್ರ ಫೋಟೋದ ವಿಸ್ಟೀರಿಯಕ್ಕೆ ಆಸೆಪಡುತ್ತೇವೆ. ಇದಕ್ಕೆ ನೀರು ಚೆನ್ನಾಗಿ ಬೇಕು. ಬಯಲುಸೀಮೆಯ ಒಣ ಗಾಳಿಯಲ್ಲಿ ಕಷ್ಟ.

ಒಣ ಊರಿನವರಿಗೆ ಕಾಗದದ ಹೂ ಸರಿ, ಅದೇ ಬೋಗನ್‌ವಿಲ್ಲಾ. ಮುಳ್ಳಿರುವುದರಿಂದ ಮಕ್ಕಳು ಓಡಾಡುವ ಕಡೆ ಯೋಚಿಸಿ. ರಾತ್ರಿ ಹೊತ್ತು ಕೂರುವವರು ರಂಗೂನ್ ಕ್ರೀಪರ್ ಹಾಕಬಹುದು. ಸಂಜೆ ಬಿಳಿಯಾಗಿ ಅರಳಿದ ಹೂ ಆಮೇಲೆ ಗುಲಾಬಿ, ಕೆಂಪು ಆಗುತ್ತದೆ, ಘಮ ಬೇರೆ. ಆದರೆ ಅದು ಬೆಳೆಯುವ ಪರಿಗೆ ಕತ್ತರಿ ಕೈಯಲ್ಲೇ ಇರಬೇಕು.

ತಿನ್ನುವ ಬಳ್ಳಿಯೇ ಸಾಕು ಎನ್ನುವವರಿಗೆ ತೊಂಡೆ, ಬಸಳೆ, ಹೀರೆ, ಪಡವಲ, ಪ್ಯಾಶನ್ ಫ್ರೂಟ್ ಇವೆ. ತೊಂಡೆ ಒಮ್ಮೆ ಹಚ್ಚಿದರೆ ವರ್ಷಗಟ್ಟಲೆ ಇರುತ್ತದೆ. ಹೀರೆ, ಪಡವಲ ಎರಡು ಮೂರು ತಿಂಗಳಲ್ಲಿ ಚಪ್ಪರ ತುಂಬಿ, ಆಮೇಲೆ ಒಣಗಿ ಖಾಲಿ ಮಾಡುತ್ತವೆ. ಹೂಬಳ್ಳಿ ಮೇಲೆ ಹಬ್ಬಲು ಒಂದೂವರೆ, ಎರಡು ವರ್ಷ ಬೇಕು. ಆ ನಡುವಿನ ಬೇಸಿಗೆಗೆ ಈ ತರಕಾರಿ ಬಳ್ಳಿಗಳನ್ನು ಬಿಟ್ಟುಕೊಳ್ಳಿ.

ಕಂಬ ಯಾವುದರದ್ದು?

ಈಗ ಕಂಬದ ಮಾತು. ಎಲ್ಲರೂ ಇಲ್ಲಿಂದ ಶುರು ಮಾಡುತ್ತಾರೆ, ಅದೇ ತಪ್ಪು.

ಕಲ್ಲು: ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟದಲ್ಲಿ ಸಾಲು ಕಲ್ಲುಕಂಬ ನೋಡಿರುತ್ತೀರಿ, ಅಲ್ವಾ? ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ ಅದು. ಗೆದ್ದಲು ಇಲ್ಲ, ತುಕ್ಕು ಇಲ್ಲ, ಪೇಂಟ್ ಇಲ್ಲ. ಬಳ್ಳಿಯ ಭಾರಕ್ಕೆ ಇದಕ್ಕಿಂತ ಗಟ್ಟಿ ಬೇರೆ ಇಲ್ಲ. ಆದರೆ ಆರಿಂಚು ಚೌಕದ 10 ಅಡಿ ಕಲ್ಲು ಹತ್ತಿರ ಹತ್ತಿರ 190 ಕೆ.ಜಿ. ತೂಗುತ್ತದೆ. ಮನೆ ಪಕ್ಕದ ಮೂರಡಿ ಓಣಿಯಲ್ಲಿ ಅದನ್ನು ಹಿತ್ತಲಿಗೆ ಹೊತ್ತು ತರುವವರು ಸಿಗುತ್ತಾರಾ ನೋಡಿಕೊಳ್ಳಿ. ಕಲ್ಲಿಗೆ ಉಯ್ಯಾಲೆ ಕಟ್ಟಬಾರದು. ಕೆಳಮುಖ ಭಾರ ಎಷ್ಟಾದರೂ ತಡೆಯುತ್ತದೆ, ಪಕ್ಕಕ್ಕೆ ಜಗ್ಗಿದರೆ ಮುರಿಯುತ್ತದೆ.

ಮರ: ಸಾಗುವಾನಿ, ಹಲಸು ಚೆನ್ನ. ಬುಡವನ್ನು ನೇರ ಮಣ್ಣಿಗೆ ಹೂಳಬೇಡಿ, ಗೆದ್ದಲಿಗೆ ಔತಣ ಕೊಟ್ಟ ಹಾಗೆ. ಕಾಂಕ್ರೀಟಿನಲ್ಲಿ ಕಬ್ಬಿಣದ ಹಿಡಿಕೆ ಕೂರಿಸಿ, ನೆಲದಿಂದ ಎರಡಿಂಚು ಮೇಲೆ ಮರವನ್ನು ಬೋಲ್ಟ್ ಮಾಡಿಸಿ. ಮಳೆಗಾಲದ ಮೊದಲು ಪ್ರತಿ ವರ್ಷ ಎಣ್ಣೆ ಹಚ್ಚಬೇಕು. ಕರಾವಳಿಯಲ್ಲಿ ಗೇರೆಣ್ಣೆ ಬಳಿಯುವ ರೂಢಿ ಇದೆ. ಗೆದ್ದಲಿಗೆ ಒಳ್ಳೆಯ ಮದ್ದು, ಆದರೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ.

ಬಿದಿರು, ಅಡಿಕೆ ದಬ್ಬೆ: ಅಗ್ಗ, ಚೆಂದ, ಬೇಗ ಹಾಳು. ಮಳೆಗೆ ಒಡ್ಡಿದ ಬಿದಿರಿನ ಬುಡ ಮಣ್ಣಿನಲ್ಲಿ ಎರಡು ವರ್ಷ ಬಂದರೆ ಹೆಚ್ಚು. ತರಕಾರಿ ಚಪ್ಪರಕ್ಕೆ ಇದೇ ಸರಿ.

ಕಬ್ಬಿಣ: ಪೇಟೆಯಲ್ಲಿ ಹೆಚ್ಚಿನವರು ಮಾಡಿಸುವುದು ಇದನ್ನೇ. ಎಂ.ಎಸ್. ಪೈಪಿಗೆ, ಅಂದರೆ ಲೇಪವಿಲ್ಲದ ಸಾದಾ ಉಕ್ಕಿಗೆ, ತುಕ್ಕಿನ ಭಯ. ಜಿ.ಐ. ಪೈಪಿಗೆ ಸತುವಿನ ಲೇಪ ಇರುತ್ತದೆ, ಆದರೆ ವೆಲ್ಡಿಂಗ್ ಮಾಡಿದ ಕಡೆ ಆ ಲೇಪ ಸುಟ್ಟು ಹೋಗುತ್ತದೆ. ಅಲ್ಲಿಗೆ ಜಿಂಕ್ ಪ್ರೈಮರ್ ಹಚ್ಚಿಸಲೇಬೇಕು. ಸಮುದ್ರದ ಗಾಳಿ, 3 ಸಾವಿರ ಮಿ.ಮೀ.ಗೂ ಜಾಸ್ತಿ ಮಳೆ ಇರುವ ಮಂಗಳೂರು, ಉಡುಪಿಯವರು ಎಂ.ಎಸ್. ಬಿಟ್ಟುಬಿಡಿ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಜೇಬಿಗೆ ಭಾರ.

ಡಬ್ಲ್ಯುಪಿಸಿ ಎಂಬ ಮರದ ಪುಡಿ–ಪ್ಲಾಸ್ಟಿಕ್ ಹಲಗೆಯನ್ನೂ ಈಗ ತೋರಿಸುತ್ತಾರೆ. ರೀಪರ್‌ಗೆ ಪರವಾಗಿಲ್ಲ. ತೊಲೆಗೆ ಬೇಡ, ಬಿಸಿಲಿಗೆ ಜೋಲುತ್ತದೆ.

ವೆಲ್ಡಿಂಗ್‌ನವರ ಹತ್ತಿರ ಕೇಳಬೇಕಾದ್ದು

ದರವನ್ನು ಚದರಡಿಗೆ ಹೇಳಿದರೆ ತಕ್ಷಣ ಕೇಳಿ: ಪೈಪು ಎಷ್ಟು ಎಂ.ಎಂ.? ಮೂರಿಂಚು ಚೌಕದ ಪೈಪು 3 ಎಂ.ಎಂ. ದಪ್ಪದ್ದಾದರೆ ಅಡಿಗೆ ಸುಮಾರು 2 ಕೆ.ಜಿ., 2 ಎಂ.ಎಂ. ಆದರೆ 1.4 ಕೆ.ಜಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಚದರಡಿ ದರದಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಕೆ.ಜಿ. ಲೆಕ್ಕದಲ್ಲಿ ಮಾತಾಡಿ, ತೂಕದ ಚೀಟಿ ಕೇಳಿ. ಕಂಬಕ್ಕೆ 3 ಎಂ.ಎಂ. ಇರಲಿ.

ಇನ್ನೊಂದು, ಪೈಪಿನ ಬಾಯಿ. ನಮ್ಮಲ್ಲಿ ಕೆಲಸ ಮಾಡಿದವರು ಎರಡು ಕಂಬದ ತುದಿಗೆ ಮುಚ್ಚಳ ವೆಲ್ಡ್ ಮಾಡಲಿಲ್ಲ. ನಾನೂ ಏಣಿ ಹತ್ತಿ ನೋಡಲಿಲ್ಲ. ಮೂರು ಮಳೆಗಾಲ ನೀರು ಒಳಗೆ ಇಳಿಯಿತು. ಹೊರಗೆ ಪೇಂಟ್ ಹೊಸದರ ಹಾಗಿದ್ದರೂ ಬುಡದಲ್ಲಿ ಬೆರಳಿಟ್ಟು ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಕೊನೆ ಕಂತು ಕೊಡುವ ಮೊದಲು ಏಣಿ ಹತ್ತಿ.

ಎತ್ತರ 8 ಅಡಿಗಿಂತ ಕಮ್ಮಿ ಬೇಡ. ಥನ್‌ಬರ್ಜಿಯಾ, ಪಡವಲದ ಹಾಗೆ ಇಳಿಬೀಳುವುದನ್ನು ಬೆಳೆಸುವುದಾದರೆ 9 ಅಡಿ. ಒಂದು ಮೇಜು, ನಾಲ್ಕು ಕುರ್ಚಿ ಹಿಂದೆ ಸರಿಸಿ ಏಳಲು 10 ಅಡಿಗೆ 10 ಅಡಿ ಬೇಕು. ಉಯ್ಯಾಲೆಯ ಆಸೆ ಇದ್ದರೆ ಮೊದಲ ದಿನವೇ ಹೇಳಿ. ಇಬ್ಬರು ಕೂತು ಜೀಕಿದರೆ ತೊಲೆಯ ಮೇಲೆ ಬೀಳುವ ಜಗ್ಗು ಬೇರೆಯೇ. ಆ ತೊಲೆ, ಅದರ ಕಂಬ, ಬುಡದ ಕಾಂಕ್ರೀಟ್ ಎಲ್ಲ ದಪ್ಪ ಆಗಬೇಕು. ಸಾಮಾನ್ಯ ಕಂಬಕ್ಕೂ ಎರಡಡಿ ಆಳದ ಗುಂಡಿ ಇರಲಿ.

ಟೆರೇಸಿನ ಮೇಲೆ ಕಟ್ಟಿಸುವವರು ಸ್ಲ್ಯಾಬಿಗೆ ತೂತು ಹೊಡೆಯಲು ಬಿಡಬೇಡಿ, ಮುಂದಿನ ಮಳೆಗೆ ಕೆಳಗಿನ ಬೆಡ್‌ರೂಮು ಸೋರುತ್ತದೆ. ಎಂಜಿನಿಯರ್ ತೋರಿಸಿದ ಕಡೆ ಪೀಠ ಕಟ್ಟಿ ಅದಕ್ಕೆ ಬೋಲ್ಟ್ ಮಾಡಿಸಿ. ಪಾಲಿಕಾರ್ಬೊನೇಟ್ ಶೀಟ್ ಹೊದಿಸಿದರೆ ಗಾಳಿ ಅದನ್ನು ಹಾಯಿಯ ಹಾಗೆ ಎತ್ತುತ್ತದೆ, ಕೆಳಗೆ ಸೆಕೆಯೂ ಜಾಸ್ತಿ. ಮುಚ್ಚಿದ ಚಾವಣಿಯನ್ನು ಪಾಲಿಕೆಯವರು ಕಟ್ಟಡ ಎಂದೇ ಎಣಿಸಬಹುದು, ಮೊದಲೇ ವಿಚಾರಿಸಿ. ಶೇಡ್ ನೆಟ್ ಆದರೆ ಮಳೆಗಾಲದಲ್ಲಿ ಬಿಚ್ಚಿಡಬಹುದು.

ಗಿಡದ ಗುಂಡಿ

ಕಂಬದ ಗುಂಡಿ ತೋಡುವ ದಿನವೇ ಬಳ್ಳಿಯ ಗುಂಡಿಯನ್ನೂ ತೋಡಿಸಿ. ಕಂಬದಿಂದ ಒಂದೂವರೆ ಅಡಿ ದೂರ ಇರಲಿ. ಆಮೇಲೆ ನೆಲಕ್ಕೆ ಟೈಲ್ಸ್ ಹಾಕಿಸಿಕೊಂಡು ಗಿಡ ಎಲ್ಲಿ ನೆಡುವುದು ಎಂದು ತಲೆ ಕೆರೆದುಕೊಳ್ಳುವವರನ್ನು ನೋಡಿದ್ದೇನೆ. ಸಿಮೆಂಟ್ ಕಲಸಿದ ನೀರು, ಉಳಿದ ಜಲ್ಲಿ ಆ ಗುಂಡಿಗೆ ಬೀಳದ ಹಾಗೆ ನೋಡಿಕೊಳ್ಳಿ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಜೂನಿನ ಮೊದಲ ಮಳೆಗಳ ನಂತರ ನೆಡಿ. ಕಂಬಕ್ಕೆ ತೆಂಗಿನ ನಾರಿನ ಹಗ್ಗ ಇಳಿಬಿಟ್ಟರೆ ಸುತ್ತಿಕೊಳ್ಳುವ ಬಳ್ಳಿ ತಾನೇ ಹತ್ತುತ್ತದೆ. ಬಿಸಿಲಿಗೆ ಕಾದ ಕಬ್ಬಿಣಕ್ಕೆ ಎಳೆ ಕುಡಿ ತಾಗುವುದೂ ತಪ್ಪುತ್ತದೆ.

ನಮ್ಮ ಥನ್‌ಬರ್ಜಿಯಾ ಮೊದಲ ವರ್ಷ ಸೊಂಟದೆತ್ತರದಲ್ಲೇ ನಿಂತಿತ್ತು. ಪುತ್ತೂರಿಗೆ ಹೊರಡುವ ದಿನ ಅತ್ತೆ ಪಶ್ಚಿಮದ ಕಂಬದ ಬುಡಕ್ಕೆ ಎರಡು ಬಸಳೆ ಕಡ್ಡಿ ಊರಿ ಹೋಗಿದ್ದರು. ಸಂಜೆಯ ಬಿಸಿಲನ್ನು ಮೊದಲು ತಡೆದಿದ್ದು ಅದೇ. ಅದರ ಸಾಂಬಾರು ಮಾಡಿದಾಗಲೆಲ್ಲ ಅವರಿಗೆ ಫೋಟೋ ಕಳಿಸುತ್ತೇನೆ.