ಸ್ವಂತ ಡೇಟಾ ಇಲ್ಲದೆ ಪೋಸ್ಟ್‌ಡಾಕ್: ಎನ್‌ಎಫ್‌ಎಚ್‌ಎಸ್ ಕಡತದಿಂದ ತಾಲ್ಲೂಕು ನಕ್ಷೆಯವರೆಗೆ

ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಪಿಎಚ್‌ಡಿ ಮುಗಿಸಿದವರಿಗೆ ನಮ್ಮಲ್ಲಿ ಸಿಗುವ ಬುದ್ಧಿಮಾತು ಎರಡೇ. ದೊಡ್ಡ ಕೊಹಾರ್ಟ್ (ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಗುಂಪು) ಇರುವ ಕಡೆ ಸೇರಿಕೊ, ಸ್ವಂತ ಡೇಟಾ ಇಲ್ಲದವರಿಗೆ ಫೆಲೋಶಿಪ್ ಸಿಗಲ್ಲ. ಇಲ್ಲವೇ ಮೆಡಿಕಲ್ ಕಾಲೇಜಿಗೆ ಹೋಗಿ ಪಿಜಿಗಳ ಥೀಸಿಸ್‌ಗೆ ಸ್ಯಾಂಪಲ್ ಸೈಜ್ ಬರೆದುಕೊಡುತ್ತ ಇರು. ನಾನು ಎರಡನ್ನೂ ಬಿಟ್ಟು, ನೋಂದಣಿ ಮಾಡಿಸಿದವರಿಗೆಲ್ಲ ಪುಕ್ಕಟೆ ಸಿಗುವ ಎನ್‌ಎಫ್‌ಎಚ್‌ಎಸ್-5ರ (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಕಡತಗಳ ಮೇಲೆ ಇಡೀ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ನಡೆಸಿದೆ. ವಿಷಯ ಕರ್ನಾಟಕದ ತಾಲ್ಲೂಕುವಾರು ಮಕ್ಕಳ ಕುಂಠಿತ ಬೆಳವಣಿಗೆ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು. ‘ಆ ಸಮೀಕ್ಷೆ ಜಿಲ್ಲೆಗಿಂತ ಕೆಳಗೆ ಇಳಿಯಲ್ಲ ಬಿಡಿ’ ಅಂದವರಲ್ಲಿ ಕೆಲವರು ಈಗ ಕೋಡ್ ಕೇಳುತ್ತಾರೆ. ಕೊಡುತ್ತೇನೆ, ಒಂದು ಫೈಲ್ ಬಿಟ್ಟು.

ಅವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಲೆಕ್ಕ ಹಾಕಿ ನೋಡಿ. ಕರ್ನಾಟಕದಲ್ಲಿ ಸಮೀಕ್ಷೆಯಾದದ್ದು ಸುಮಾರು 26 ಸಾವಿರ ಮನೆ. ಕ್ಲಸ್ಟರಿಗೆ (ಸಮೀಕ್ಷೆಗೆ ಆರಿಸಿದ ಹಳ್ಳಿ ಅಥವಾ ಬಡಾವಣೆ) 22 ಮನೆಯಂತೆ 1200 ಚಿಲ್ಲರೆ ಕ್ಲಸ್ಟರು. ಎತ್ತರ ಅಳೆದ ಐದು ವರ್ಷದೊಳಗಿನ ಮಕ್ಕಳು ಎಂಟು ಸಾವಿರದ ಆಸುಪಾಸು ಅಂದುಕೊಳ್ಳಿ. 30 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ 270-280 ಮಕ್ಕಳು. ಪ್ರಮಾಣ ಶೇ. 35, ಡಿಸೈನ್ ಎಫೆಕ್ಟ್ (ಗುಂಪು ಗುಂಪಾಗಿ ಆರಿಸಿದ್ದರಿಂದ ಹೆಚ್ಚುವ ಅನಿಶ್ಚಿತತೆ) 1.5 ಹಿಡಿದರೆ ಶೇ. 95ರ ಅಂತರ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಆಚೀಚೆ ಏಳು ಅಂಶ. ಸಹಿಸಬಹುದು. ಅದೇ ಮಕ್ಕಳನ್ನು 2011ರ ಜನಗಣತಿಯ 176 ತಾಲ್ಲೂಕಿಗೆ ಹಂಚಿದರೆ ತಾಲ್ಲೂಕಿಗೆ ಏಳು ಕ್ಲಸ್ಟರು, 45-47 ಮಕ್ಕಳು, ಅಂತರ ಆಚೀಚೆ ಹದಿನೇಳು ಅಂಶ. ಶೇ. 18ರಿಂದ 52ರ ನಡುವೆ ಎಲ್ಲೋ ಇದೆ ಅಂತ ಹೇಳಿದರೆ ತಾಲ್ಲೂಕು ಆರೋಗ್ಯಾಧಿಕಾರಿ ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಹಾಗಾಗಿ ನೇರ ಅಂದಾಜು ಕೆಲಸಕ್ಕೆ ಬರಲ್ಲ. ಅಕ್ಕಪಕ್ಕದ ತಾಲ್ಲೂಕುಗಳಿಂದ ಬಲ ಎರವಲು ಪಡೆಯುವ ಮಾಡೆಲ್ಲೇ ಬೇಕು. ಸಣ್ಣ ಪ್ರದೇಶಗಳ ಅಂದಾಜಿಗೆ ಬಳಸುವ ಫೇ-ಹೆರಿಯಟ್ ವಿಧಾನ 1979ರದು, ಅದರಲ್ಲಿ ಹೊಸತೇನಿಲ್ಲ. ಕಷ್ಟವೆಲ್ಲ ಬೇರೆ ಕಡೆ ಇದೆ.

ಮೊದಲು ದುಡ್ಡಿನ ಮಾತು. 2023ರ ಜನವರಿಯಿಂದ ಜಾರಿಗೆ ಬಂದ ದರದಲ್ಲಿ ರಿಸರ್ಚ್ ಅಸೋಸಿಯೇಟ್-1ಕ್ಕೆ (ಪಿಎಚ್‌ಡಿ ಆದವರ ಪ್ರಾಜೆಕ್ಟ್ ಹುದ್ದೆ) ತಿಂಗಳಿಗೆ 58,000. ಬೆಂಗಳೂರಾದರೆ ಶೇ. 30 ಮನೆ ಬಾಡಿಗೆ ಭತ್ಯೆ ಸೇರಿ 75,400, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಶೇ. 20 ಸೇರಿ 69,600. ಬೆಂಗಳೂರಿನ ಬಾಡಿಗೆ ನೋಡಿದರೆ ಮೈಸೂರೇ ಲಾಭ. ಕಾಗದದ ಮೇಲಿನ ಈ ಲೆಕ್ಕ ತಿಂಗಳು ತಿಂಗಳು ಕೈಗೆ ಬರುತ್ತದೆ ಅಂತ ನಂಬಿ ಇಎಂಐ ಹಾಕಿಸಿಕೊಳ್ಳಬೇಡಿ. ಪ್ರಾಜೆಕ್ಟಿನ ಎರಡನೇ ವರ್ಷದ ಕಂತು ಬರುವುದು ಯುಟಿಲೈಸೇಶನ್ ಸರ್ಟಿಫಿಕೇಟ್ (ಹಣ ಖರ್ಚಾದ ಲೆಕ್ಕದ ಪತ್ರ) ಹೋದ ಮೇಲೆ, ಅದು ಹೋಗುವುದು ಆಡಿಟ್ ಆದ ಮೇಲೆ. ನಾಲ್ಕೈದು ತಿಂಗಳ ಸಂಬಳ ಒಟ್ಟಿಗೆ ಬರುವುದು ಮಾಮೂಲು. ಆರು ತಿಂಗಳ ಖರ್ಚು ಬ್ಯಾಂಕಲ್ಲಿಟ್ಟುಕೊಂಡೇ ಸೇರಿ.

ಉಳಿದ ಖರ್ಚು ಕಡಿಮೆ. 32 ಜಿಬಿ ಮೆಮೊರಿಯ ಲ್ಯಾಪ್‌ಟಾಪಿಗೆ ತೊಂಬತ್ತು ಸಾವಿರದ ಆಸುಪಾಸು. 16 ಜಿಬಿಯಲ್ಲೂ ನಡೆಯುತ್ತದೆ, ಆದರೆ ಜನಸಂಖ್ಯೆಯ ರಾಸ್ಟರ್ (ಚೌಕ ಚೌಕವಾಗಿ ಅಂಕಿ ತುಂಬಿದ ನಕ್ಷೆ) ತೆರೆದಾಗ ಮಷೀನು ನಿಂತುಬಿಡುತ್ತದೆ. ಸಾಫ್ಟ್‌ವೇರಿಗೆ ಒಂದು ಪೈಸೆ ಇಲ್ಲ: ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ, ಅದರಲ್ಲಿ ಸರ್ವೆ, ಐಎನ್‌ಎಲ್‌ಎ, ಸಮ್ಮರ್ ಪ್ಯಾಕೇಜುಗಳು. ದುಡ್ಡು ತಿನ್ನುವುದು ಪ್ರಕಟಣೆ. ಓಪನ್ ಆಕ್ಸೆಸ್ ಜರ್ನಲ್ಲುಗಳು ಒಂದು ಪೇಪರಿಗೆ ಎರಡು ಲಕ್ಷದ ಹತ್ತಿರ ಕೇಳುತ್ತವೆ. ಚಂದಾ ಮೇಲೆ ನಡೆಯುವ ಜರ್ನಲ್ಲಿಗೆ ಕಳಿಸಿ, ವಿಮರ್ಶೆಗೆ ಮುಂಚಿನ ಪ್ರತಿಯಾದ ಪ್ರಿಪ್ರಿಂಟ್ ಅನ್ನು ಮೆಡ್‌ಆರ್‌ಕೈವ್ ಜಾಲತಾಣಕ್ಕೆ ಹಾಕಿದರೆ ಸೊನ್ನೆ ಖರ್ಚಲ್ಲಿ ಮುಗಿಯುತ್ತದೆ. ಎಥಿಕ್ಸ್ ಕಮಿಟಿಯನ್ನು ಮರೆಯಬೇಡಿ. ಹೆಸರು ಅಳಿಸಿದ ಸಾರ್ವಜನಿಕ ಡೇಟಾಗೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ವಿನಾಯಿತಿ ಇದೆ. ಆದರೆ ‘ವಿನಾಯಿತಿ ಇದೆ’ ಅಂತ ಕಮಿಟಿ ಬರೆದುಕೊಟ್ಟ ಕಾಗದ ಬೇಕು. ಆ ಕಾಗದ ಮಾಡೆಲ್ಲಿಗಿಂತ ಹೆಚ್ಚು ಸಮಯ ತಿನ್ನಬಹುದು, ಸೇರಿದ ವಾರವೇ ಅರ್ಜಿ ಹಾಕಿ.

ಕೆಲಸಕ್ಕೆ ಬರೋಣ. ಮಾಡೆಲ್ ಮುಟ್ಟುವ ಮೊದಲು ಸಮೀಕ್ಷೆಯ ವರದಿಯಲ್ಲಿರುವ ಅಂಕಿ ನಿಮ್ಮ ಕೈಯಲ್ಲಿ ಮರುಹುಟ್ಟಬೇಕು. ಕರ್ನಾಟಕದ ಕುಂಠಿತ ಬೆಳವಣಿಗೆ ಶೇ. 35.4. ಅನೇಕರು ಮಕ್ಕಳ ಕಡತ ತೆರೆದು ಲೆಕ್ಕ ಹಾಕಿ, ಅಂಕಿ ಸರಿಹೋಗದೆ ಸ್ಯಾಂಪಲ್ ತೂಕವನ್ನು (ಸರ್ವೆ ವೆಯ್ಟ್) ಅನುಮಾನಿಸುತ್ತಾರೆ. ವರದಿಯವರು ಬಳಸುವುದು ಮನೆಯ ಸದಸ್ಯರ ಕಡತ, ಪಿಆರ್. ಅಲ್ಲಿ ತಾಯಿ ಸಂದರ್ಶನಕ್ಕೆ ಸಿಗದ ಮಕ್ಕಳೂ ಇರುತ್ತಾರೆ. ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದವರನ್ನು ಮಾತ್ರ ಇಟ್ಟುಕೊಳ್ಳಿ (ಎಚ್‌ವಿ103 ಒಂದು ಇರಬೇಕು), ಎಚ್‌ಸಿ70 (ವಯಸ್ಸಿಗೆ ತಕ್ಕ ಎತ್ತರದ ಅಂಕ) ಮೈನಸ್ 200ಕ್ಕಿಂತ ಕಡಿಮೆ ಇದ್ದರೆ ಕುಂಠಿತ, 9996ರಿಂದ ಮೇಲಿನವೆಲ್ಲ ಕೋಡ್‌ಗಳು, ಕಿತ್ತು ಹಾಕಿ. ಕಿತ್ತು ಹಾಕದಿದ್ದರೆ ಅಳತೆ ಸಿಗದ ಮಕ್ಕಳೆಲ್ಲ ‘ಎತ್ತರ ಸರಿಯಿದೆ’ ಅನ್ನುವ ಗುಂಪಿಗೆ ಸೇರಿ ಪ್ರಮಾಣ ಸದ್ದಿಲ್ಲದೆ ಇಳಿಯುತ್ತದೆ. ಸ್ಯಾಂಪಲ್ ತೂಕ ಇರುವ ಎಚ್‌ವಿ005 ಅನ್ನು ಹತ್ತು ಲಕ್ಷದಿಂದ ಭಾಗಿಸಿ. ಒಂಟಿ ಕ್ಲಸ್ಟರ್ ಇರುವ ಸ್ಟ್ರಾಟಮ್ (ಸ್ಯಾಂಪಲ್ ಆರಿಸಲು ಮಾಡಿದ ವಿಭಾಗ) ಸಿಕ್ಕಿದರೆ ಸರ್ವೆ ಪ್ಯಾಕೇಜು ನಿಂತುಬಿಡುತ್ತದೆ, ‘ಅಡ್ಜಸ್ಟ್’ ಆಯ್ಕೆ ಹಾಕಿ. 35.4 ಬರುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ಕ್ಲಸ್ಟರುಗಳ ಸ್ಥಳ ಹೇಳುವ ಜಿಪಿಎಸ್ ಕಡತ. ಇದಕ್ಕೆ ಬೇರೆ ಅರ್ಜಿ, ಯಾಕೆ ಬೇಕು ಅಂತ ಬೇರೆ ವಿವರಣೆ. ಅಕ್ಷಾಂಶ ರೇಖಾಂಶ ಎರಡೂ ಸೊನ್ನೆ ಇರುವ ಕ್ಲಸ್ಟರುಗಳನ್ನು ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಅವು ಆಫ್ರಿಕಾದ ಪಕ್ಕ ಸಮುದ್ರದಲ್ಲಿ ತೇಲುತ್ತವೆ. ನಿಜವಾದ ತಲೆನೋವು ಅದಲ್ಲ. ಗುರುತು ಸಿಗದಿರಲಿ ಅಂತ ಪ್ರತಿ ಕ್ಲಸ್ಟರಿನ ಬಿಂದುವನ್ನೂ ಬೇಕೆಂದೇ ಸರಿಸಿರುತ್ತಾರೆ: ನಗರದಲ್ಲಿ 2 ಕಿಲೋಮೀಟರ್ ತನಕ, ಹಳ್ಳಿಯಲ್ಲಿ 5 ತನಕ, ನೂರಕ್ಕೊಂದು ಹಳ್ಳಿ ಕ್ಲಸ್ಟರು 10 ತನಕ. ಸರಿಸಿದ್ದು ಜಿಲ್ಲೆಯ ಗಡಿ ದಾಟಲ್ಲ. ಜಿಲ್ಲಾ ಮಟ್ಟದ ಕೆಲಸ ಮಾಡುವವರಿಗೆ ಇದು ಗೊತ್ತೇ ಆಗಲ್ಲ. ಆದರೆ ತಾಲ್ಲೂಕಿನ ಗಡಿಯನ್ನು ಅದು ಲೆಕ್ಕಕ್ಕೇ ಇಡಲ್ಲ. ಬಿಂದು ಬಿದ್ದ ತಾಲ್ಲೂಕೇ ಅದರ ತಾಲ್ಲೂಕು ಅಂತ ಮಾಡಿದರೆ ಗಡಿಯಂಚಿನ ಕ್ಲಸ್ಟರುಗಳು ಪಕ್ಕದ ತಾಲ್ಲೂಕಿನ ಪಾಲಾಗುತ್ತವೆ. ಇರುವುದೇ ಏಳು ಕ್ಲಸ್ಟರು, ಅದರಲ್ಲಿ ಎರಡು ತಪ್ಪಾದರೆ ಉಳಿದದ್ದೇನು? ಸಂದೇಹ ಪಟ್ಟವರು ಬಲವಾಗಿ ಹಿಡಿದದ್ದು ಇದೇ ಬಿಂದು.

ದಾಟಿದ್ದು ಹೀಗೆ. ಒಂದೇ ತಾಲ್ಲೂಕಿಗೆ ಕಟ್ಟಿಹಾಕುವುದನ್ನು ಬಿಟ್ಟುಬಿಡಿ. ಪ್ರತಿ ಬಿಂದುವಿನ ಸುತ್ತ 5 ಅಥವಾ 2 ಕಿಲೋಮೀಟರಿನ ವೃತ್ತ ಎಳೆದು, ಆ ವೃತ್ತದ ಜನಸಂಖ್ಯೆಯಲ್ಲಿ ಯಾವ ತಾಲ್ಲೂಕಿನ ಪಾಲು ಎಷ್ಟು ಅಂತ ವರ್ಲ್ಡ್‌ಪಾಪ್‌ನ 100 ಮೀಟರ್ ಜನಸಂಖ್ಯೆ ರಾಸ್ಟರಿನಿಂದ ತೆಗೆಯಿರಿ. ವಿಸ್ತೀರ್ಣದ ಪಾಲು ಹಿಡಿದರೆ ಮಲೆನಾಡಿನಲ್ಲಿ ಕೆಡುತ್ತದೆ, ವೃತ್ತದ ಅರ್ಧ ಕಾಡಿರುತ್ತದೆ, ಕಾಡಿಗೆ ಯಾರೂ ಸಮೀಕ್ಷೆಗೆ ಹೋಗಿರಲ್ಲ. ವೃತ್ತವನ್ನು ಜಿಲ್ಲೆಯ ಗಡಿಯಲ್ಲಿ ಕತ್ತರಿಸಿ. ಆ ಪಾಲುಗಳನ್ನೇ ಸಂಭವನೀಯತೆ ಅಂತ ಹಿಡಿದು ಕ್ಲಸ್ಟರುಗಳನ್ನು ತಾಲ್ಲೂಕಿಗೆ ಚೀಟಿ ಎತ್ತಿ ಹಂಚಿ. ಹಾಗೆ ಮೂವತ್ತರ ಆಸುಪಾಸು ಡೇಟಾ ಪ್ರತಿಗಳನ್ನು ಮಾಡಿ, ಪ್ರತಿಯೊಂದರ ಮೇಲೂ ಮಾಡೆಲ್ ಓಡಿಸಿ, ಪೋಸ್ಟೀರಿಯರ್ ಸ್ಯಾಂಪಲ್‌ಗಳನ್ನು (ಮಾಡೆಲ್ ಕೊಡುವ ಸಂಭವನೀಯ ಉತ್ತರಗಳು) ಸಮಪಾಲಾಗಿ ಒಟ್ಟಿಗೆ ಸುರಿಯಿರಿ. ಒಂದೊಂದು ಓಟ ಒಂದೆರಡು ನಿಮಿಷ. ಹತ್ತು ಪ್ರತಿಯಲ್ಲಿ ಗಡಿ ತಾಲ್ಲೂಕುಗಳು ಇನ್ನೂ ಕುಣಿಯುತ್ತವೆ, ಮೂವತ್ತಕ್ಕೆ ನೆಲೆ ನಿಲ್ಲುತ್ತವೆ. ನಗರ ಕ್ಲಸ್ಟರುಗಳಿಗೆ ಈ ಪಾಲಿನ ಲೆಕ್ಕದಲ್ಲಿ ಇನ್ನೊಂದು ತಿದ್ದುಪಡಿ ಇದೆ. ಅದೇ ನಾನು ಕೊಡದ ಫೈಲ್, ಪೇಪರು ಇನ್ನೂ ವಿಮರ್ಶಕರ ಮೇಜಿನ ಮೇಲಿದೆ.

ನಕ್ಷೆಯ ಕಡತ ಇನ್ನೊಂದು ಬಲೆ. ಈಗ ಸಿಗುವ ನಕ್ಷೆಗಳಲ್ಲಿ 31 ಜಿಲ್ಲೆ, ಸಮೀಕ್ಷೆಯಲ್ಲಿ 30. ಕರ್ನಾಟಕದಲ್ಲಿ ಸಮೀಕ್ಷೆ ನಡೆದದ್ದು 2019ರಲ್ಲಿ, ವಿಜಯನಗರ ಆದದ್ದು 2021ರಲ್ಲಿ. ಹೊಸ ಜಿಲ್ಲೆಯನ್ನು ಬಳ್ಳಾರಿಗೆ ಸೇರಿಸಿದರೆ ಮುಗಿಯಿತು ಅಂದುಕೊಂಡರೆ ಹರಪನಹಳ್ಳಿ ಕಾಡುತ್ತದೆ. 2011ರ ಜನಗಣತಿಯಲ್ಲಿ ಅದು ದಾವಣಗೆರೆಯದು, 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಪಕ್ಕದ ಹೂವಿನ ಹಡಗಲಿ ಕಾಟ ಕೊಡಲಿಲ್ಲ, ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ ಊರು, ನಮ್ಮವರಿಗೆ ಅಷ್ಟಾದರೂ ದಯೆ ತೋರಿತು. 2018ರ ಹೊಸ ತಾಲ್ಲೂಕುಗಳನ್ನು ಕೇಳುವವರಿಗೆ ಇಲ್ಲ ಅಂತಲೇ ಹೇಳಿ. ಹೆಣ್ಣುಮಕ್ಕಳ ಸಾಕ್ಷರತೆಯಂಥ ಜನಗಣತಿಯ ಅಂಕಿಗಳು ಇರುವುದು ಹಳೆಯ 176ಕ್ಕೆ.

ಮಾಡೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತು. ನೆರೆಯ ತಾಲ್ಲೂಕುಗಳನ್ನು ಜೋಡಿಸುವ ಬಿವೈಎಂ2, ಸ್ಕೇಲ್ ಮಾಡಿದ್ದು, ಪಿಸಿ ಪ್ರಯರ್ (ಮಾಡೆಲ್ ಸರಳವಾಗಿರಲಿ ಅನ್ನುವ ಪೂರ್ವ ಊಹೆ): ಸಿಗ್ಮಾ (ತಾಲ್ಲೂಕುಗಳ ನಡುವಿನ ಏರುಪೇರು) 1 ದಾಟುವ ಸಂಭವ 0.01, ಫೈ (ಆ ಏರುಪೇರಿನಲ್ಲಿ ನೆರೆಹೊರೆಯ ಪಾಲು) ಅರ್ಧಕ್ಕಿಂತ ಕಡಿಮೆ ಇರುವ ಸಂಭವ ಮೂರನೇ ಎರಡು. ನೇರ ಅಂದಾಜಿನ ಮೇಲೆ ಫೇ-ಹೆರಿಯಟ್ ಹಾಕಿದಾಗ ಸೋತದ್ದು ಸಣ್ಣ ತಾಲ್ಲೂಕುಗಳಲ್ಲಿ. ಮೂರೇ ಕ್ಲಸ್ಟರಿದ್ದು ಅವು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರೆ ವೇರಿಯನ್ಸ್ (ಅಂದಾಜಿನ ಏರುಪೇರು) ಸೊನ್ನೆಯ ಹತ್ತಿರ ಹೋಗುತ್ತದೆ, ಮಾಡೆಲ್ ಅದನ್ನು ಅತ್ಯಂತ ನಂಬಿಕಸ್ಥ ತಾಲ್ಲೂಕು ಅಂತ ತಲೆ ಮೇಲೆ ಕೂರಿಸಿಕೊಳ್ಳುತ್ತದೆ. ಹಾಗಾಗಿ ಪ್ರತಿ ಕ್ಲಸ್ಟರಿನ ಕುಂಠಿತ ಮಕ್ಕಳ ಎಣಿಕೆಯ ಮೇಲೇ ನಡೆಯುವ ಬೀಟಾ-ಬೈನಾಮಿಯಲ್ ಮಾಡೆಲ್ಲಿಗೆ ಹೋದೆ. ಅಲ್ಲಿ ನಗರವೋ ಗ್ರಾಮವೋ ಅನ್ನುವ ಚರ ಕಡ್ಡಾಯ, ಕೊನೆಗೆ ಪ್ರತಿ ತಾಲ್ಲೂಕಿನ ನಗರದ ಪಾಲು ಗುಣಿಸಿ ಕೂಡಿಸಬೇಕು. ಇದನ್ನು ಬಿಟ್ಟರೆ ಸಮೀಕ್ಷೆಯಲ್ಲಿ ನಗರ ಎಷ್ಟು ಬಂದಿತ್ತೋ ಅದೇ ತಾಲ್ಲೂಕಿನ ನಗರ ಅಂತಾಗಿ ಅಂದಾಜು ಒಂದು ಕಡೆ ವಾಲುತ್ತದೆ.

ಔರಾದ್, ಬಸವಕಲ್ಯಾಣದಂಥ ಅಂಚಿನ ತಾಲ್ಲೂಕುಗಳಿಗೆ ರಾಜ್ಯದೊಳಗೆ ನೆರೆಯವರು ಕಡಿಮೆ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಗಡಿ ತಾಲ್ಲೂಕುಗಳನ್ನೂ ಸೇರಿಸಿ ಓಡಿಸಿ, ನಕ್ಷೆಗೆ ಮಾತ್ರ ಕರ್ನಾಟಕ ಇಟ್ಟುಕೊಂಡರೆ ಬೀದರ್, ರಾಯಚೂರು ಕಡೆ ಅಂತರ ಕಿರಿದಾಗುತ್ತದೆ. ಕೆಲಸ ಮಾತ್ರ ದುಪ್ಪಟ್ಟು.

ಒಂದು ಅಡ್ಡದಾರಿ ಪ್ರಯೋಗ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಅಂತ ಗುರುತಿಸಿತ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ ಸೂಚ್ಯಂಕವನ್ನೇ ಕೋವೇರಿಯೇಟ್ (ಮಾಡೆಲ್ಲಿಗೆ ನೆರವಾಗುವ ಅಂಕಿ) ಮಾಡಿದರೆ ಹೇಗೆ? ಉಪಗ್ರಹದ ರಾತ್ರಿ ಬೆಳಕಿಗಿಂತ ಅದು ಚೆನ್ನಾಗಿ ದುಡಿಯಿತು. ರಾತ್ರಿ ಬೆಳಕಿನಲ್ಲಿ ಬೆಂಗಳೂರೊಂದೇ ಇಡೀ ಗೆರೆಯನ್ನು ಎಳೆದುಕೊಂಡು ಹೋಗುತ್ತದೆ, ಲಾಗ್ ತೆಗೆದರೂ ಪೂರ್ತಿ ಬಗ್ಗಲ್ಲ. ಆದರೆ ಸೂಚ್ಯಂಕ ಹಾಕಿದ ನಕ್ಷೆ ತೋರಿಸಿದಾಗ ‘ಇದು ಹಳೇ ವರದಿಯನ್ನೇ ಬಣ್ಣ ಹಾಕಿ ತೋರಿಸಿದ ಹಾಗಿದೆ’ ಅನ್ನುವ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. ಕೊನೆಯ ಮಾಡೆಲ್ಲಿನಿಂದ ಅದನ್ನು ತೆಗೆದು, ಹೋಲಿಸಿ ನೋಡಲಿಕ್ಕೆ ಮಾತ್ರ ಇಟ್ಟುಕೊಂಡೆ.

ನಂಬಿಸುವ ಪರೀಕ್ಷೆ ಎರಡು. ಒಂದು, ಐದನೇ ಒಂದು ಪಾಲು ಕ್ಲಸ್ಟರುಗಳನ್ನು ಮುಚ್ಚಿಟ್ಟು ಊಹಿಸುವುದು. ಮಕ್ಕಳನ್ನಲ್ಲ, ಇಡೀ ಕ್ಲಸ್ಟರನ್ನೇ ಮುಚ್ಚಿಡಬೇಕು. ಒಂದೇ ಊರಿನ ಮಕ್ಕಳು ಒಂದೇ ಥರ ಇರುವುದರಿಂದ ಅರ್ಧ ಮಕ್ಕಳನ್ನು ಬಿಟ್ಟುಕೊಟ್ಟರೆ ಪರೀಕ್ಷೆಗೆ ಮೊದಲೇ ಉತ್ತರ ಪತ್ರಿಕೆ ಕೊಟ್ಟಂತೆ. ಎರಡು, ತಾಲ್ಲೂಕುಗಳನ್ನು ಕೂಡಿಸಿದಾಗ ಜಿಲ್ಲೆಯ ನೇರ ಅಂದಾಜಿನ ಅಂತರದೊಳಗೆ ಬೀಳಬೇಕು. ಎರಡೂ ದಾಟಿದ ಮೇಲೆ ಹದಿನೇಳು ಅಂಶದ ಅಂತರ ಬಹುಪಾಲು ತಾಲ್ಲೂಕುಗಳಲ್ಲಿ ಎಂಟು-ಒಂಬತ್ತರ ಸುತ್ತ ನಿಂತಿತು ಅಂತ ನೆನಪು. ಜಿಲ್ಲಾ ಅಂದಾಜಿಗೆ ಹತ್ತಿರದ ನಿಖರತೆ. ಇಷ್ಟಾದ ಮೇಲೆ ‘ಸ್ವಂತ ಡೇಟಾ ಎಲ್ಲಿ’ ಅಂತ ಕೇಳುವವರು ಸುಮ್ಮನಾದರು.

ಪೋಸ್ಟ್‌ಡಾಕ್ ಹುಡುಕಲಿಕ್ಕೂ ಇದೇ ಬಂಡವಾಳ. ಸಿವಿ, ಕವರ್ ಲೆಟರ್ ಹಾಕಿ ಪಿಐಗಳಿಗೆ (ಪ್ರಾಜೆಕ್ಟಿನ ಮುಖ್ಯಸ್ಥರು) ಬರೆದರೆ ಹತ್ತಕ್ಕೆ ಒಂದು ಉತ್ತರವೂ ಬರಲ್ಲ. ಅವರದೇ ಪೇಪರಿನ ಒಂದು ಕೋಷ್ಟಕವನ್ನು ಸಾರ್ವಜನಿಕ ಡೇಟಾದಿಂದ ಮರುಲೆಕ್ಕ ಹಾಕಿ, ಒಂದು ಚಿತ್ರ, ಕೋಡಿನ ಕೊಂಡಿ, ‘ಇಲ್ಲಿಂದ ಮುಂದೆ ಹೀಗೆ ಹೋಗಬಹುದು’ ಅನ್ನುವ ನಾಲ್ಕು ಸಾಲು ಹಾಕಿ ಕಳಿಸಿದರೆ ಸುಮಾರು ಅರ್ಧ ಜನ ಉತ್ತರಿಸುತ್ತಾರೆ. ತಪ್ಪು ಹುಡುಕಿದ ಧಾಟಿ ಬೇಡ, ಮುಂದುವರಿಸಿದ ಧಾಟಿ ಇರಲಿ. ಫೆಲೋಶಿಪ್ ಸಂದರ್ಶನದಲ್ಲಿ ಖಂಡಿತ ಬರುವ ಪ್ರಶ್ನೆ: ಇದರಲ್ಲಿ ನಿಮ್ಮ ಪಿಎಚ್‌ಡಿ ಗೈಡ್‌ನದು ಎಷ್ಟು, ನಿಮ್ಮದು ಎಷ್ಟು? ಗೈಡ್ ಹೆಸರಿಲ್ಲದ ಒಂದು ಪ್ರಿಪ್ರಿಂಟ್ ಇದ್ದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಅಮೆರಿಕದ ಕಡೆ ನೋಡುವವರು ಜಾಹೀರಾತಿನಲ್ಲಿ ‘ಟಿ32’ (ಅಲ್ಲಿನ ಸರ್ಕಾರದ ತರಬೇತಿ ಅನುದಾನ) ಅಂತಿದ್ದರೆ ಮುಂದೆ ಓದಬೇಡಿ, ಅದು ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಪಿಐನ ಸ್ವಂತ ಗ್ರಾಂಟಿನ ಹುದ್ದೆಗೆ ವೀಸಾದವರು ಹೋಗಬಹುದು. ಪೋಸ್ಟ್‌ಡಾಕ್‌ನಿಂದ ಸ್ವತಂತ್ರ ಸಂಶೋಧಕರಾಗಲು ಕೊಡುವ ಕೆ99 ಅನುದಾನಕ್ಕೂ ಪೌರತ್ವ ಬೇಕಿಲ್ಲ, ಆದರೆ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರಿರಬಾರದು, ಇಲ್ಲಿ ಕಳೆದ ವರ್ಷಗಳೂ ಆ ಲೆಕ್ಕಕ್ಕೆ ಬರುತ್ತವೆ. ಇಲ್ಲೇ ಕೂತು ವಿದೇಶಿ ಹಣದಲ್ಲಿ ಕೆಲಸ ಮಾಡುವುದಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ ಎಚ್‌ಎಂಎಸ್‌ಸಿಯ ಅನುಮತಿಗೆ ತಿಂಗಳುಗಳನ್ನೇ ಮೀಸಲಿಟ್ಟು ಯೋಜನೆ ಹಾಕಿ.

ಡೇಟಾ ಅನುಮತಿಯನ್ನು ಇವತ್ತೇ ಹಾಕಿಸಿಕೊಳ್ಳಿ. 2025ರ ಆರಂಭದಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಹಣ ನಿಂತಾಗ, ಈ ಕಡತಗಳನ್ನು ಹಂಚುವ ಡಿಎಚ್‌ಎಸ್ ಕಾರ್ಯಕ್ರಮದ ಹೊಸ ನೋಂದಣಿ ಸ್ಥಗಿತವಾಗಿ, ಪ್ರಸ್ತಾವನೆ ಬರೆದಿಟ್ಟವರು ಕೈ ಕಟ್ಟಿ ಕೂರಬೇಕಾಯಿತು. ಅನುಮತಿ ಬರುವುದು ವ್ಯಕ್ತಿಗೆ, ಪ್ರಾಜೆಕ್ಟಿಗೆ. ಲ್ಯಾಬಿನ ಹಳಬರ ಪೆನ್‌ಡ್ರೈವಿನಲ್ಲಿರುವ ಕಡತ ಬಳಸುವುದು ಅನುಮತಿಯ ಷರತ್ತಿಗೆ ವಿರುದ್ಧ, ಜರ್ನಲ್ಲಿನವರು ಅನುಮತಿ ಪತ್ರ ಕೇಳಿದಾಗ ತೋರಿಸಲು ಏನೂ ಇರಲ್ಲ. ಸಮೀಕ್ಷೆಯ ಕಡತ, ಜಿಪಿಎಸ್ ಕಡತ ಎರಡಕ್ಕೂ ನಿಮ್ಮ ಹೆಸರಲ್ಲಿ ಬಂದ ಇಮೇಲನ್ನು ಪಿಡಿಎಫ್ ಮಾಡಿ ಕೋಡಿನ ಜೊತೆಯಲ್ಲೇ ಇಡಿ.