ಹಳೆಯ ಡಬ್ಬಾ ಟಿ.ವಿ.ಗೊಂದು ಹೊಸ ಮನೆ ಹುಡುಕುವುದು ಹೇಗೆ?

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ 2004ರಿಂದ ಕುಳಿತಿದ್ದ 21 ಇಂಚಿನ ಟಿ.ವಿ. ಹೋದ ದೀಪಾವಳಿಗೆ ತನ್ನ ಜಾಗ ಕಳೆದುಕೊಂಡಿತು. ಗೋಡೆಗೆ ತೆಳ್ಳನೆಯ ಎಲ್‌ಇಡಿ ಬಂತು. ಹಳೆಯದೇನೂ ಕೆಟ್ಟಿರಲಿಲ್ಲ, ಗುಂಡಿ ಒತ್ತಿದರೆ ಮೊದಲಿನಂತೆಯೇ ಚಿತ್ರ ಮೂಡುತ್ತಿತ್ತು. ಬೀದಿಗೆ ಬಂದ ಗುಜರಿಯವರು ನೂರೈವತ್ತು ರೂಪಾಯಿ ಎಂದರು. ಅದು ನಡೆಯುತ್ತದೆಯೋ ಇಲ್ಲವೋ ಎಂದು ಕೇಳಲೂ ಇಲ್ಲ. ಅವರಿಗೆ ಬೇಕಾಗಿದ್ದದ್ದು ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿರುವ ತಾಮ್ರದ ಸುರುಳಿ. ಅದನ್ನು ಕಿತ್ತುಕೊಳ್ಳಲು ಗಾಜು ಒಡೆಯುತ್ತಾರೆ, ಸೀಸ ಬೆರೆತ ಆ ಗಾಜು ಎಲ್ಲೋ ಹಳ್ಳದ ದಂಡೆಯಲ್ಲಿ ಬೀಳುತ್ತದೆ. ನಾನು ಕೊಡಲಿಲ್ಲ.

ಕೊಡದಿರಲು ಇನ್ನೊಂದು ಕಾರಣವೂ ಇತ್ತು. ಮೂರು ವರ್ಷಗಳ ಹಿಂದೆ ಅಣ್ಣನ ಮನೆಯ ಇಂಥದ್ದೇ ಟಿ.ವಿ.ಯನ್ನು ಹುಬ್ಬಳ್ಳಿಯ ಒಂದು ವಸತಿನಿಲಯಕ್ಕೆ ಒಯ್ದು ಇಳಿಸಿ, ಒಳ್ಳೆಯ ಕೆಲಸವಾಯಿತೆಂದು ಸಮಾಧಾನದಿಂದ ಬಂದಿದ್ದೆ. ಆರು ತಿಂಗಳ ನಂತರ ಹೋದಾಗ ಅದು ಮೆಟ್ಟಿಲ ಕೆಳಗೆ, ಹಳೆಯ ಚಾಪೆಗಳ ಪಕ್ಕದಲ್ಲಿತ್ತು. ಸೆಟ್‌ಟಾಪ್ ಬಾಕ್ಸ್ ಇರಲಿಲ್ಲ, ಅದನ್ನು ಜೋಡಿಸುವ ಕೇಬಲ್ ಇರಲಿಲ್ಲ, ರಿಮೋಟ್ ನಮ್ಮ ಮನೆಯಲ್ಲೇ ಉಳಿದಿತ್ತು. ಟಿ.ವಿ. ಕೊಡುವುದೆಂದರೆ ಅದರಲ್ಲಿ ಚಿತ್ರ ಬರುವ ದಾರಿಯನ್ನೂ ಕೊಡುವುದೆಂದು ಅಂದು ತಿಳಿಯಿತು. ಈ ಸಲ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಪರೀಕ್ಷೆ

ಅಟ್ಟದ ಮೇಲೋ ಹಿತ್ತಲ ಕೋಣೆಯಲ್ಲೋ ಮಳೆಗಾಲ ಕಳೆದ ಟಿ.ವಿ.ಯನ್ನು ಇಳಿಸಿದ ಕೂಡಲೇ ವಿದ್ಯುತ್ತಿಗೆ ಹಚ್ಚಬೇಡಿ. ಧಾರವಾಡದ ಮಳೆ ಎಂಥದ್ದೆಂದು ನಿಮಗೆ ಗೊತ್ತು. ತೇವ ಒಳಗೆ ಕುಳಿತಿರುತ್ತದೆ. ಒಂದೆರಡು ದಿನ ಗಾಳಿಯಾಡುವ ಒಣ ಕೋಣೆಯಲ್ಲಿಡಿ. ಹಿಂಬದಿಯ ಸಂದುಗಳ ಮೇಲಿನ ಧೂಳನ್ನು ಒಣ ಕುಂಚದಿಂದ ಹೊರಗಿನಿಂದಲೇ ತೆಗೆಯಿರಿ. ಹಿಂದಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಬಣ್ಣದ ಪಿಕ್ಚರ್ ಟ್ಯೂಬು ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತು ಒಳಗೆ ಉಳಿದಿರಬಹುದು.

ಆಮೇಲೆ ಒಂದು ಗಂಟೆ ಬಿಡದೆ ನಡೆಸಿ ನೋಡಿ. ಐದು ನಿಮಿಷದಲ್ಲಿ ಕಾಣದ ದೋಷ ಬಿಸಿಯಾದ ಮೇಲೆ ಕಾಣಿಸುತ್ತದೆ: ಚಿತ್ರ ಕುಗ್ಗುವುದು, ಅಡ್ಡಗೆರೆ ಬರುವುದು, ದನಿ ಕರಕರ ಎನ್ನುವುದು. ಚಟಪಟ ಸದ್ದು ಅಥವಾ ಸುಟ್ಟ ವಾಸನೆ ಬಂದರೆ ಅಂಥ ಟಿ.ವಿ.ಯನ್ನು ಯಾರ ಮನೆಗೂ ಕಳಿಸಬೇಡಿ. ಮೂಲೆಯಲ್ಲಿ ಹಸಿರು ಅಥವಾ ನೇರಳೆ ಛಾಯೆ ಇದ್ದರೆ ಗಾಬರಿ ಬೇಡ, ಹೆಚ್ಚಾಗಿ ಅದು ಹತ್ತಿರದ ಸ್ಪೀಕರಿನ ಅಯಸ್ಕಾಂತದ ಪ್ರಭಾವ. ಸ್ಪೀಕರ್ ದೂರ ಸರಿಸಿ, ಟಿ.ವಿ.ಯನ್ನು ಪೂರ್ತಿ ಆರಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಚ್ಚಿ. ಹಚ್ಚುವಾಗ 'ಧಂ' ಎಂದು ಕೇಳುವ ಸಣ್ಣ ಸದ್ದು ಆ ಕಾಂತತೆಯನ್ನು ಅಳಿಸುವ ಸುರುಳಿಯದ್ದು. ಹೀಗೆ ಕೆಲವು ಸಲ ಮಾಡಿದರೆ ಛಾಯೆ ಹೋಗುವುದುಂಟು.

ಚಿತ್ರ ಬರುವ ದಾರಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಮೊದಲಿನ ಹಾಗೆ ತಾರಸಿಯ ಮೇಲೆ ಮೀನಿನ ಮೂಳೆಯಂಥ ಆಂಟೆನಾ ಏರಿಸಿದರೆ ಈಗ ಏನೂ ಬರುವುದಿಲ್ಲ. ದೂರದರ್ಶನವು ತನ್ನ ಅನಲಾಗ್ ಪ್ರಸಾರದ ಗೋಪುರಗಳನ್ನು 2022ರ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿದೆ. ಹಾಗಾಗಿ ಕೇಬಲ್‌ನವರ ಬಾಕ್ಸು ಅಥವಾ ಡಿಶ್ ಬೇಕೇ ಬೇಕು.

ಟಿ.ವಿ.ಯ ಹಿಂಬದಿ ಅಥವಾ ಮುಂಬದಿಯಲ್ಲಿ ಹಳದಿ, ಬಿಳಿ, ಕೆಂಪು ರಂಧ್ರಗಳಿವೆಯೇ ನೋಡಿ. ಹಳದಿ ಚಿತ್ರಕ್ಕೆ, ಉಳಿದೆರಡು ದನಿಗೆ. ಕೆಲವು ಸೆಟ್ಟುಗಳಲ್ಲಿ ಕೆಂಪು ಇರುವುದಿಲ್ಲ. ಆಗ ಹಳದಿ ಮತ್ತು ಬಿಳಿ ಎರಡನ್ನೇ ಜೋಡಿಸಿದರೆ ಸಾಕು. ಈಚಿನ ಕೆಲವು ಬಾಕ್ಸುಗಳಲ್ಲಿ ಮೂರು ರಂಧ್ರಗಳ ಬದಲು ಇಯರ್‌ಫೋನಿನದರಂಥ ಒಂದೇ ಸಣ್ಣ ರಂಧ್ರ ಇರುತ್ತದೆ. ಅದಕ್ಕೆ ಒಂದು ತುದಿಯಲ್ಲಿ ಸಣ್ಣ ಪಿನ್ನು, ಇನ್ನೊಂದು ತುದಿಯಲ್ಲಿ ಮೂರು ಬಣ್ಣ ಇರುವ ಕೇಬಲ್ ಬರುತ್ತದೆ. ಬಾಕ್ಸಿನಲ್ಲಿ ಎಚ್‌ಡಿಎಂಐ, ಅಂದರೆ ಹೊಸ ಟಿ.ವಿ.ಗಳಿಗೆ ಹಚ್ಚುವ ಚಪ್ಪಟೆ ರಂಧ್ರ, ಮಾತ್ರ ಇದ್ದರೆ ಎಚ್‌ಡಿಎಂಐಯಿಂದ ಎವಿಗೆ, ಅಂದರೆ ಈ ಮೂರು ಬಣ್ಣದ ಜೋಡಣೆಗೆ, ಬದಲಿಸುವ ಪುಟ್ಟ ಪರಿವರ್ತಕ ತನ್ನಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪರಿವರ್ತಕವೂ ನೋಡಲು ಇದರಂತೆಯೇ ಇರುತ್ತದೆ, ಆದರೆ ಇಲ್ಲಿ ಕೆಲಸಕ್ಕೆ ಬಾರದು. ಮೇಲೆ ಮುದ್ರಿಸಿರುವ ದಿಕ್ಕನ್ನು ಓದಿಯೇ ಹಣ ಕೊಡಿ. ಚಿತ್ರದಲ್ಲಿ ಎಲ್ಲರೂ ಉದ್ದುದ್ದ ಕಂಡರೆ ಬಾಕ್ಸಿನ ಸೆಟ್ಟಿಂಗಿನಲ್ಲಿ ಪರದೆಯ ಅಳತೆಯನ್ನು 16:9ರಿಂದ 4:3ಕ್ಕೆ ಬದಲಿಸಿ.

ಪಡೆಯುವವರಿಗೆ ತಿಂಗಳ ಚಂದಾ ಭಾರವೆನಿಸಿದರೆ ದೂರದರ್ಶನದವರ ಡಿಡಿ ಫ್ರೀ ಡಿಶ್ ಒಳ್ಳೆಯ ದಾರಿ. ಡಿಶ್, ಬಾಕ್ಸು ಸೇರಿ ಒಮ್ಮೆ ಒಂದೂವರೆ–ಎರಡು ಸಾವಿರ ರೂಪಾಯಿ ಖರ್ಚು, ಆಮೇಲೆ ಚಂದಾ ಇಲ್ಲ. ನಮ್ಮ ಊರಿನಿಂದ ಅದರ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿದೆ, ಆ ಕಡೆ ಮಾವಿನ ಮರವೋ ಮಹಡಿ ಮನೆಯೋ ಅಡ್ಡ ಇರಬಾರದು. ಕನ್ನಡದ ಚಂದನ ವಾಹಿನಿ ಅದರಲ್ಲಿ ಸಿಗುತ್ತದೆ. ಆದರೆ ಸಂಜೆಯ ಧಾರಾವಾಹಿಗಳಿಗಾಗಿಯೇ ಟಿ.ವಿ. ಬೇಕೆನ್ನುವವರಿಗೆ ಅದಷ್ಟೇ ಸಾಲದು, ಕೇಬಲ್ ಅಥವಾ ಚಂದಾ ಕಟ್ಟುವ ಡಿಶ್ ಸಂಪರ್ಕವೇ ಬೇಕಾಗುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳಿ.

ಯಾರನ್ನು ಕೇಳುವುದು?

ದೊಡ್ಡ ಸಂಸ್ಥೆಗಳನ್ನು ಹುಡುಕಿಕೊಂಡು ಹೋಗುವ ಮುಂಚೆ ಸುತ್ತಲಿನವರನ್ನು ಕೇಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಕುಲ ರಸ್ತೆ, ನವನಗರದ ಕಡೆ ಕಟ್ಟಡ ಕಾಯುವವರ ಶೆಡ್ಡುಗಳು, ಕಲಘಟಗಿ, ಕುಂದಗೋಳ, ನವಲಗುಂದದಿಂದ ಬಂದು ಬಾಡಿಗೆಯ ಒಂದೇ ಕೋಣೆಯಲ್ಲಿ ಇರುವ ಕುಟುಂಬಗಳು, ಓಣಿಯ ಕ್ಷೌರದ ಅಂಗಡಿ, ಒಬ್ಬರೇ ಇರುವ ಅಜ್ಜಿ. ಅಲ್ಲಿಯ ಬೇಡಿಕೆ ಕಣ್ಣಿಗೆ ಕಾಣುತ್ತದೆ. ಕೊಟ್ಟ ಮೇಲೆ ಏನಾಯಿತೆಂದೂ ತಿಳಿಯುತ್ತದೆ. ಆದರೆ ಕೇಳುವ ರೀತಿ ಮುಖ್ಯ. "ನಮಗೆ ಬೇಡವಾಗಿದೆ, ಒಯ್ಯಿರಿ" ಎಂದರೆ ಯಾರಿಗಾದರೂ ನೋಯುತ್ತದೆ. "ಅಕ್ಕ, ನಮ್ಮದೊಂದು ಟಿ.ವಿ. ಇದೆ, ಚೆನ್ನಾಗಿ ನಡೆಯುತ್ತದೆ. ಬಂದು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಇಟ್ಟುಕೊಳ್ಳಿ" ಎಂದು ಹೇಳಿ. ಬೇಡವೆನ್ನಲು ಅವರಿಗೆ ಅವಕಾಶವಿರಲಿ.

ಮನೆಗಳಲ್ಲಿ ಬೇಡವೆಂದರೆ ಬೇರೆ ಬಾಗಿಲುಗಳಿವೆ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಕಲಿಯುವವರಿಗೆ ಇದು ಉಪಯೋಗಕ್ಕೆ ಬರಬಹುದು. ಧಾರವಾಡದಲ್ಲಿ ನಾಟಕದ ತಂಡಗಳಿಗೆ ಕೊರತೆಯಿಲ್ಲ. ತೊಂಬತ್ತರ ದಶಕದ ಮನೆಯನ್ನು ರಂಗದ ಮೇಲೆ ತರಬೇಕಾದವರು ಇಂಥ ಟಿ.ವಿ.ಗಾಗಿ ಅಲೆದಾಡುತ್ತಾರೆ. ಹಳೆಯ ವಿಡಿಯೊ ಗೇಮ್ ಆಡುವ ಹುಡುಗರೂ ಇದನ್ನೇ ಬಯಸುತ್ತಾರೆ, ಏಕೆಂದರೆ ಗುಂಡಿ ಒತ್ತಿದ್ದಕ್ಕೂ ಚಿತ್ರ ಕದಲುವುದಕ್ಕೂ ನಡುವೆ ತಡವಿಲ್ಲ. ಟಿ.ವಿ. ರಿಪೇರಿಯ ಅಂಗಡಿಯವರಿಗೆ ಬಿಡಿಭಾಗಗಳಿಗಾಗಿ ಬೇಕಾಗುತ್ತದೆ. ಮಾರಾಟದ ಆ್ಯಪ್‌ಗಳಲ್ಲಿ ಹಾಕುವುದಾದರೆ ಚಿತ್ರ ನಡೆಯುತ್ತಿರುವಾಗಿನ ಒಂದು ಫೋಟೊ, ಹಿಂಬದಿಯ ರಂಧ್ರಗಳ ಒಂದು ಫೋಟೊ ಸಾಕು. ಹಣ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಪಡೆಯಲು ಪಿನ್ ಬೇಕಿಲ್ಲ.

ವಿದ್ಯುತ್ ಖರ್ಚನ್ನು ಮುಚ್ಚಿಡಬೇಡಿ. ಹಿಂಬದಿಯ ಚೀಟಿಯಲ್ಲಿ ವ್ಯಾಟ್ ಬರೆದಿರುತ್ತದೆ. ನೂರು ವ್ಯಾಟಿನ ಸೆಟ್ಟನ್ನು ದಿನಕ್ಕೆ ಐದು ಗಂಟೆ ನೋಡಿದರೆ ತಿಂಗಳಿಗೆ 15 ಯೂನಿಟ್. ಗೃಹಜ್ಯೋತಿಯಲ್ಲಿ ತಮ್ಮ ಮಿತಿ ದಾಟಿದವರು ಹೆಚ್ಚುವರಿ ಯೂನಿಟ್ಟುಗಳಿಗೆ ಹಣ ಕಟ್ಟಬೇಕಾಗುತ್ತದೆ.

ಸಾಗಿಸುವುದು, ಇಡುವುದು

21 ಇಂಚಿನ ಸೆಟ್ಟು ಇಪ್ಪತ್ತು ಕಿಲೋ ಮೀರಬಹುದು, ಭಾರವೆಲ್ಲ ಪರದೆಯ ಕಡೆ. ಇಬ್ಬರು ಬೇಕು. ಒಬ್ಬರೇ ಎತ್ತಲೇಬೇಕಾದರೆ ಪರದೆ ನಿಮ್ಮ ಎದೆಯ ಕಡೆಗಿರಲಿ. ಆಟೋದಲ್ಲಿ ಕೆಳಗೊಂದು ಕೌದಿ ಹಾಸಿ, ಪರದೆಯನ್ನು ಸೀಟಿನ ಬೆನ್ನಿಗೆ ಒರಗಿಸಿ, ಮೇಲೊಂದು ಕೌದಿ ಹೊದಿಸಿ. ಬಾಡಿಗೆ ನೀವೇ ಕೊಡಿ. ಅಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಡಲು ಬಿಡಬೇಡಿ. ಮುಂದಕ್ಕೆ ವಾಲುವ ಇಷ್ಟು ಭಾರವನ್ನು ಮಗು ಎಳೆದುಕೊಂಡರೆ ಅನಾಹುತ. ತಗ್ಗಾದ, ಅಗಲವಾದ ಮೇಜು ಅಥವಾ ಕಟ್ಟೆಯೇ ಸರಿ.

ಪರೀಕ್ಷೆಯಲ್ಲಿ ಸೋತ ಟಿ.ವಿ.ಗೂ ಒಂದು ದಾರಿಯಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಟಿ.ವಿ.ಯೂ ಸೇರಿದೆ, ಅದರ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಯ ಮೇಲಿದೆ. ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, ಇಲ್ಲವೇ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ. ಪಾಲಿಕೆಯ ಕಸದ ಗಾಡಿಗೆ ಬೇಡ.

ನಮ್ಮ ಟಿ.ವಿ. ಕೊನೆಗೆ ಸಪ್ತಾಪುರದ ಹಿಂದಿನ ಓಣಿಯಲ್ಲಿ, ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಒಬ್ಬ ತಾಯಿಯ ಕೋಣೆ ಸೇರಿತು. ರಿಮೋಟಿಗೆ ಹೊಸ ಸೆಲ್ ಹಾಕಿಕೊಟ್ಟು, ಬಾಕ್ಸು ಜೋಡಿಸಿ, ಚಿತ್ರ ಬಂದದ್ದನ್ನು ನೋಡಿಯೇ ಬಂದೆ. ಮೂರನೆಯ ದಿನ ಅವರ ಫೋನ್ ಬಂತು. "ಅಣ್ಣ, ಬರೀ ನೀಲಿ ಪರದೆ ಕಾಣುತ್ತಿದೆ, ಕೆಟ್ಟಿತೇನೋ." ಮೊಮ್ಮಗ ರಿಮೋಟಿನಲ್ಲಿ ಆಡಿದ್ದ, ಅಷ್ಟೇ. ಎವಿ ಎಂದು ಬರೆದ ಗುಂಡಿಯನ್ನು ಒಂದು ಸಲ ಒತ್ತಲು ಹೇಳಿದೆ. ಆ ತುದಿಯಿಂದ ಮೊದಲು ಹಾಡು ಕೇಳಿಸಿತು, ಆಮೇಲೆ ಅವರ ದನಿ: "ಬಂತು." ಸಂಜೆ ಹೋಗಿ ಆ ಗುಂಡಿಯ ಮೇಲೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟು ಬಂದೆ. ನೀವು ಅದನ್ನು ಕೊಡುವ ದಿನವೇ ಇಟ್ಟುಬಿಡಿ.