ಮರದ ನೆರಳಿಗೆ ಹೆಲೆಬೋರ್

ಇಂಗ್ಲೆಂಡಿನಲ್ಲಿರುವ ನಮ್ಮವರೇ, ಹಿತ್ತಲಲ್ಲಿ ಎಲೆ ಉದುರುವ ಮರ ಇದ್ದರೆ ಅದರ ನೆರಳಲ್ಲಿ ಲೆಂಟನ್ ರೋಸ್ ಜಾತಿಯ ಹೆಲೆಬೋರ್ ಎಂಬ ಹೂಗಿಡ ಹಾಕಿ. ಚಳಿಗಾಲದ ಕೊನೆಯಲ್ಲೇ ಹೂ ಬಿಡುತ್ತದೆ. ಒಮ್ಮೆ ಬೇರೂರಿದರೆ 20 ವರ್ಷ ಬಾಳುವುದೂ ಉಂಟು, ಸುಮ್ನೆ ಕಿತ್ತು ಜಾಗ ಬದಲಾಯಿಸಬೇಡಿ.

ತುಂಬಾ ಆಳಕ್ಕೆ ನೆಡಬೇಡಿ. ಚಿಗುರು ಹೊರಡುವ ಬುಡ ಮಣ್ಣಿನ ಮಟ್ಟಕ್ಕೇ ಇರಲಿ. ಹೂತುಹೋದರೆ ಹೂ ಕಡಿಮೆ, ಕೊಳೆಯುವ ಭಯ ಬೇರೆ. ಎಲೆಗೊಬ್ಬರ ಕೊಡಿ, ನೀರು ನಿಲ್ಲಬಾರದು.

ಡಿಸೆಂಬರ್ ಹೊತ್ತಿಗೆ ಹಳೇ ಎಲೆಗಳ ಮೇಲೆ ಕಪ್ಪು ಮಚ್ಚೆ ಕಾಣುತ್ತದೆ, ಅಲ್ವಾ? ಅವನ್ನೆಲ್ಲ ಬುಡಕ್ಕೇ ಕತ್ತರಿಸಿ ಎಸೆಯಿರಿ, ಕಾಂಪೋಸ್ಟ್‌ಗೆ ಬೇಡ. ಹೊಸ ಮೊಗ್ಗಿಗೆ ರೋಗ ಹರಡುವುದು ಕಡಿಮೆಯಾಗುತ್ತದೆ, ತಲೆ ತಗ್ಗಿಸಿದ ಹೂಗಳೂ ಚೆನ್ನಾಗಿ ಕಾಣುತ್ತವೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ರಸ ತಾಗಿದರೆ ಚರ್ಮ ಉರಿಯಬಹುದು. ಇಡೀ ಗಿಡವೇ ವಿಷ. ಮಕ್ಕಳು, ನಾಯಿ ಇರುವ ಮನೆಯವರು ಹುಷಾರು.